ಔಡಲೆಣ್ಣೆ ಕುಡಿದ ಬೂಟು

ಟೀಚರ್ ಓಟ ನಿಂತದ್ದು ನನ್ನಿಂದ. ನಾನು ಹಚ್ಚಿದ ಔಡಲೆಣ್ಣೆಯಿಂದ. ಇಷ್ಟು ವರ್ಷ ಮನಸ್ಸಿಗೆ ಏನೇನೋ ಸಬೂಬು ಹೇಳಿ ನೋಡಿದೆ, ಯಾವುದೂ ನಿಲ್ಲಲಿಲ್ಲ. ಮೊನ್ನೆ ಮೊಮ್ಮಗಳು ಹೊಸ ಓಟದ ಬೂಟಿನ ಡಬ್ಬಿ ತಂದು ನನ್ನ ಮಂಚದ ಮೇಲೆಯೇ ತೆರೆದಳು. ಒಳಗಿನ ತೆಳು ಕಾಗದ ಸರಿಸಿದ್ದೇ ತಡ, ಹೊಸ ರಬ್ಬರು ಮತ್ತು ಅಂಟಿನ ವಾಸನೆ ಮೂಗಿಗೆ ಬಡಿಯಿತು. ನಾನು ಕೂತದ್ದು ದೋಹಾದ ಅಲ್ ಗರಾಫಾದಲ್ಲಿರುವ ಮಗನ ಮನೆಯಲ್ಲಿ. ಮೂಗು ಮಾತ್ರ ಉಮ್ಮ್ ಸಲಾಲಿನ ಹಳೆಯ ವಿಲ್ಲಾದ ಮೆಟ್ಟಿಲಿಗೆ ಹೋಗಿ ನಿಂತಿತು…

ಅದು ತೊಂಬತ್ತರ ದಶಕ. ನಮ್ಮ ಮನೆಯವರು ರಾಸ್ ಲಫಾನಿನಲ್ಲಿ ವೆಲ್ಡಿಂಗ್ ಕೆಲಸಕ್ಕಿದ್ದರು. ಗುರುವಾರ ಸಂಜೆ ಮನೆಗೆ ಬಂದರೆ ಶುಕ್ರವಾರ ಸಂಜೆ ಕ್ಯಾಂಪಿಗೆ ವಾಪಸು. ಕೆಳಗಿನ ಎರಡು ಕೋಣೆಗಳಲ್ಲಿ ನಾನು, ಸಣ್ಣ ಮಗ. ಮೇಲೆ ಮಂಗಳೂರು ಕಡೆಯವರು: ಗಂಡ, ಹೆಂಡತಿ, ಗಂಡನ ತಂಗಿ. ಆ ತಂಗಿಯೇ ಟೀಚರ್. ಶಾಲೆಯಲ್ಲಿ ಹುಡುಗಿಯರಿಗೆ ಪಿ.ಟಿ. ಮಾಡಿಸುತ್ತಿದ್ದಳು. ಕಾಲೇಜಿನಲ್ಲಿದ್ದಾಗ ಓಟದಲ್ಲಿ ಜಿಲ್ಲೆಗೇ ಮೊದಲು ಬಂದವಳಂತೆ. ನಾನು ಬಿಜಾಪುರ ಕಡೆಯವಳು, ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು. ಬಸ್ಸು ತಪ್ಪಿದರೆ ಮಾತ್ರ ಓಡಿ ಗೊತ್ತು.

ಅವಳು ಸೂರ್ಯ ಹುಟ್ಟುವ ಮೊದಲು ಓಡಬೇಕು, ಅಣ್ಣ ಒಬ್ಬಳನ್ನೇ ಕಳಿಸುವುದಿಲ್ಲ. ಹಾಗಾಗಿ ನಾನು ಜೊತೆ. ತಲೆಗೆ ಬಟ್ಟೆ ಕಟ್ಟಿ, ಉದ್ದ ತೋಳಿನ ಅಂಗಿ, ದೊಗಳೆ ಪ್ಯಾಂಟು ಹಾಕಿಕೊಂಡು ಅವಳು ಓಡುವುದು. ಬಖಾಲೆಯ ಮುಚ್ಚಿದ ಶಟರಿನ ಮುಂದೆ ಶಾಲೆಯ ಸ್ಟಾಪ್‌ವಾಚು ಹಿಡಿದು ನಾನು ನಿಲ್ಲುವುದು. ಆ ಕಿರಾಣಿ ಅಂಗಡಿಯಿಂದ ಮಸೀದಿಯ ತಿರುವಿಗೆ ಹೋಗಿ ಬಂದರೆ ಒಂದು ಸುತ್ತು. ಅಂಥವು ಐದು, ಒಟ್ಟು ಐದು ಕಿಲೋಮೀಟರು. ಅಣ್ಣನೇ ಕಾರಿನ ಮೀಟರಿನಲ್ಲಿ ಅಳೆದು ಕೊಟ್ಟಿದ್ದ.

ಆ ಬೇಸಿಗೆಯ ಬಾಬತ್ತು ಇಷ್ಟು. ಮುಂಬಯಿಯ ಒಂದು ಸಂಬಂಧ ಬಂದಿತ್ತು, ಅಣ್ಣ ಅವಸರ ಮಾಡುತ್ತಿದ್ದ. ಊರಿನ ಹಳೆಯ ಕೋಚು ಮಾತ್ರ ರಜೆಯಲ್ಲಿ ಬಾ, ಐದು ಕಿಲೋಮೀಟರು ಇಪ್ಪತ್ತೊಂದು ನಿಮಿಷದೊಳಗೆ ಓಡಿದರೆ ಓಟದ ಕ್ಯಾಂಪಿಗೆ ಸೇರಿಸುತ್ತೇನೆ ಎಂದು ಬರೆದಿದ್ದರು. ಟೀಚರ್ ಓಡಿದರೆ ಇಪ್ಪತ್ತೆರಡರ ಕೆಳಗೆ ಬರುತ್ತಿರಲಿಲ್ಲ.

"ಕಾಲು ನಿಧಾನ ಆಯ್ತಾ, ಬೂಟು ಭಾರ ಆಯ್ತಾ, ಅದು ಗೊತ್ತಾಗ್ಬೇಕು ಅಕ್ಕ," ಎಂದಳು. "ಬೂಟಿನ ತಪ್ಪಾದ್ರೆ ಊರಿಗೆ ಹೋಗಿ ಓಡುದು. ಕಾಲಿನ ತಪ್ಪಾದ್ರೆ ಮುಂಬಯಿಗೆ ಹೂಂ ಅನ್ನುದು."

ಗುರುವಾರದವರೆಗೆ ಅಣ್ಣನ ಹತ್ತಿರ ವಾಯಿದೆ ಕೇಳಿದಳು. ಅವನು ನಕ್ಕ. "ಯಲ್ಲಾ, ಓಡು ಮಾರಾಯ್ತಿ. ಗುರುವಾರ ರಾತ್ರಿ ನಾನು ಮುಂಬಯಿಗೆ ಫೋನ್ ಮಾಡುವವನೇ."

ಅವಳ ಹಳೆಯ ಬೂಟು ಗಂಡಸರದು, ತುದಿಗೆ ಹತ್ತಿ ತುರುಕಿ ಹಾಕಿಕೊಳ್ಳುತ್ತಿದ್ದಳು. ದೋಹಾದ ಅಂಗಡಿಗಳನ್ನೆಲ್ಲ ಸುತ್ತಿ ಹೊಸದೊಂದು ತಂದಳು. ಹೆಂಗಸರ ಓಟಕ್ಕೆಂದೇ ಬೇರೆ ಬೂಟು ಇರುತ್ತದೆ ಎಂದು ನನಗೆ ಗೊತ್ತಾದದ್ದೇ ಆವತ್ತು. ಕೈಗೆ ತೆಗೆದುಕೊಂಡರೆ ಭಾರವೇ ಇಲ್ಲ. ಮೇಲೆ ಸೊಳ್ಳೆಪರದೆಯಂಥ ಬಟ್ಟೆ, ಕೆಳಗೆ ತೆಳು ಅಟ್ಟೆ, ಚಪಾತಿ ಮಡಚಿದ ಹಾಗೆ ಮಡಚಬಹುದು.

"ಇದ್ರಾಗ ಗಾಳಿ ಹೊಕ್ಕಂಗ ಉಸುಕೂ ಹೊಗತೈತಲ್ಲವ್ವಾ," ಅಂದೆ.

"ಹೊಗ್ಲಿ ಅಕ್ಕ. ಉಸುಕು ಕೊಡವಿದ್ರೆ ಹೋಗ್ತದೆ, ಭಾರ ಕೊಡವಿದ್ರೆ ಹೋಗ್ತದಾ?"

ಅವಳ ಪರೀಕ್ಷೆ ಕಟ್ಟುನಿಟ್ಟು. ಅದೇ ದಾರಿ, ಅದೇ ಹೊತ್ತು, ಹೊಟ್ಟೆಗೆ ಅದೇ ಒಂದು ಬಾಳೆಹಣ್ಣು. ಶನಿವಾರ ಹಳೆಯ ಬೂಟು: ಇಪ್ಪತ್ತೆರಡು ನಿಮಿಷ ಹತ್ತು ಸೆಕೆಂಡು. ಸೋಮವಾರ ಹೊಸದು: ಇಪ್ಪತ್ತೊಂದು ನಿಮಿಷ ಐದು ಸೆಕೆಂಡು. ನಾನೇ ಸೀಮೆಸುಣ್ಣದಲ್ಲಿ ಗೋಡೆಗೆ ಬರೆದೆ. ಓಡುವಾಗ ಸದ್ದೂ ಬೇರೆ ಇತ್ತು. ಹಳೆಯದು ದಪ್ ದಪ್ ಎನ್ನುತ್ತಿತ್ತು, ಇದು ಬೆಕ್ಕು ಹೋದ ಹಾಗೆ. ಆದರೆ ನಿಂತವಳು ಬೂಟು ಬಿಚ್ಚಿ ತೋರಿಸಿದಳು. ಎರಡೂ ಹಿಮ್ಮಡಿ ಬೊಕ್ಕೆ ಎದ್ದು ಒಡೆದಿತ್ತು.

"ಕಚ್ತದೆ ಅಕ್ಕ. ಇಲ್ಲದಿದ್ರೆ ಈ ಐದು ಸೆಕೆಂಡು ಎಂತ ದೊಡ್ಡದು?"

ಆ ಐದು ಸೆಕೆಂಡು ನನ್ನ ತಲೆಯಲ್ಲಿ ಕೂತಿತು. ನಮ್ಮ ಕಡೆ ಹೊಸ ಚಪ್ಪಲಿ ಕಚ್ಚಿದರೆ ಯಾರೂ ಅಳುತ್ತ ಕೂಡುವುದಿಲ್ಲ. ಔಡಲೆಣ್ಣೆ ಚೆನ್ನಾಗಿ ತಿಕ್ಕಿ ಬಿಸಿಲಿಗೆ ಇಡುತ್ತೇವೆ. ಚರ್ಮ ಎಣ್ಣೆ ಕುಡಿದು ಮೆತ್ತಗಾಗುತ್ತದೆ. ನಮ್ಮಪ್ಪನ ಚಪ್ಪಲಿಗೆ ನಾನೇ ಎಷ್ಟು ಸಲ ಮಾಡಿಲ್ಲ! ಬುಧವಾರ ಟೀಚರ್ ಶಾಲೆಗೆ ಹೋಗಿದ್ದಳು. ಬೂಟು ಅವರ ಬಾಗಿಲಾಚೆ ಮೆಟ್ಟಿಲ ಮೇಲಿತ್ತು. ಎತ್ತಿಕೊಂಡು ಬಂದೆ. ಹಿಮ್ಮಡಿ, ಒಳಗೆ, ಹೊರಗೆ, ಎಲ್ಲೂ ಬಿಡದೆ ತಿಕ್ಕಿ ತಾರಸಿಯ ಮೇಲೆ ಇಟ್ಟೆ. ಉಮ್ಮ್ ಸಲಾಲಿನ ಬೇಸಿಗೆಯ ಬಿಸಿಲು, ಬರಿಗೈಯಲ್ಲಿ ನಲ್ಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಇದು ಚರ್ಮದ್ದಲ್ಲ ಎಂದು ಕೈಗೆ ಗೊತ್ತಿತ್ತು, ತಲೆಗೆ ಹೊಳೆಯಲಿಲ್ಲ.

ಸಂಜೆ ನೋಡಿದರೆ ಮೂತಿ ಮೇಲಕ್ಕೆ ಸುರುಟಿಕೊಂಡಿತ್ತು. ಅಟ್ಟೆ ಅಂಚಿನಲ್ಲಿ ಸ್ವಲ್ಪ ಬಿಟ್ಟ ಹಾಗೆ… ಒತ್ತಿದೆ, ಕೂತಿತು. ಒರೆಸಿ ಮೆಟ್ಟಿಲ ಮೇಲೆ ಇಟ್ಟೆ. ಹೇಳಬೇಕಿತ್ತು. ಬೆಳಿಗ್ಗೆ ಕಚ್ಚದಿದ್ದಾಗ ಹೇಳಿ ಹೊಗಳಿಸಿಕೊಳ್ಳೋಣ ಎಂದುಕೊಂಡೆ.

ಗುರುವಾರ ನಸುಕಿನಲ್ಲಿ ಅವಳು ಓಡಿದಳು. ಎರಡನೇ ಸುತ್ತಿಗೇ ನನಗೆ ತಿಳಿಯಿತು, ಬೆಕ್ಕಿನ ಹೆಜ್ಜೆ ಇರಲಿಲ್ಲ. ಪಾದ ಒಳಗೇ ಜಾರುತ್ತಿತ್ತು. ಐದನೇ ಸುತ್ತಿನ ಕೊನೆಗೆ ಅವಳು ಗಡಿಯಾರವನ್ನಲ್ಲ, ನನ್ನ ಮುಖವನ್ನು ನೋಡುತ್ತ ಬಂದಳು. ಒತ್ತಿದೆ. ಇಪ್ಪತ್ತೆರಡು ಇಪ್ಪತ್ತು.

ಅವಳು ನೆಲದ ಮೇಲೆ ಕೂತು ಬೂಟು ಬಿಚ್ಚಿದಳು. ಒಳಗೆ ಬೆರಳು ಹಾಕಿದಳು. ಬೆರಳು ಮೂಸಿದಳು. ನನ್ನನ್ನು ನೋಡಿದಳು.

"ಖಲಾಸ್ ಅಕ್ಕ," ಎಂದಳು. "ಬೂಟು ಅಲ್ಲ. ಕಾಲೇ."

ಎಣ್ಣೆ ಮೂಸಿದವಳು ಕಾಲು ಅಂದದ್ದು ಯಾಕೆ? ಇದೊಂದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಮರ್ಯಾದೆ ಉಳಿಸಿದಳೋ? ಓಡಿ ಓಡಿ ಅವಳಿಗೇ ಸಾಕಾಗಿ ಒಂದು ನೆಪ ಬೇಕಿತ್ತೋ? ಅಥವಾ ಬೊಕ್ಕೆಗೆ ಹಚ್ಚಿದ ಮುಲಾಮು ಅಂದುಕೊಂಡಳೋ… ಔಡಲೆಣ್ಣೆಯ ವಾಸನೆ ಯಾರಿಗೆ ತಿಳಿಯುವುದಿಲ್ಲ?

ಶುಕ್ರವಾರ ಬೆಳಿಗ್ಗೆ ಎಲ್ಲ ಹೇಳಿಬಿಡಬೇಕೆಂದು ಮೇಲೆ ಹತ್ತಿದೆ. ಅತ್ತಿಗೆ ಬಾಗಿಲಲ್ಲೇ ಹಿಡಿದು, "ಬಾಯಿ ಸಿಹಿ ಮಾಡಿ ಮಾರಾಯ್ರೆ, ನಿನ್ನೆ ಫೋನಿನಲ್ಲಿ ಮಾತಾಯ್ತು," ಎಂದು ಬಾಯಿಗೆ ಲಾಡು ತುರುಕಿದಳು. ಲಾಡು ತುಂಬಿದ ಬಾಯಲ್ಲಿ ತಪ್ಪೊಪ್ಪಿಕೊಳ್ಳುವುದು ಹೇಗೆ? ಅವಳ ಹಿಂದೆ ಟೀಚರ್ ನಿಂತಿದ್ದಳು, ತಲೆಗೆ ಸ್ನಾನ ಮಾಡಿ ಬಂದಿದ್ದಳು. ನನ್ನ ಕಡೆ ನೋಡಿ ಬೇಡ ಅನ್ನುವ ಹಾಗೆ ತಲೆ ಆಡಿಸಿದಳು. ಇಲ್ಲ, ಕೂದಲಿನ ನೀರು ಕೊಡವಿದಳೋ ಏನೋ.

ಶಾಲೆಗೆ ರಜೆ ಬಿದ್ದ ಮೇಲೆ ಅವಳು ಮದುವೆಗೆಂದು ಹೋದಳು. ಹೋದ ದಿನ ನನ್ನ ಬಾಗಿಲ ಮುಂದೆ ಆ ಬೂಟು ಇತ್ತು, ಸೋಪಿನಲ್ಲಿ ತೊಳೆದದ್ದು. ಮುಂಬಯಿಯಿಂದ ಎರಡು ಕಾಗದ ಬಂದವು. ನನ್ನ ಅಕ್ಷರ ನೆಟ್ಟಗಿಲ್ಲ ಎಂದು ಉತ್ತರ ಬರೆಯಲಿಲ್ಲ. ಅದೂ ಸುಳ್ಳೇ. ಅಂಕಿ ಬರೆದವಳಿಗೆ "ನಾನೇ ಮಾಡಿದೆ" ಎಂದು ಬರೆಯುವುದು ಎಷ್ಟರದ್ದು? ಆಮೇಲೆ ಅಣ್ಣನ ಸಂಸಾರವೂ ದೇಶ ಬಿಟ್ಟಿತು. ಈಗ ಅವಳು ಎಲ್ಲಿದ್ದಾಳೆ, ಇದ್ದಾಳೆಯೇ, ಕೇಳಲು ಒಬ್ಬರೂ ಇಲ್ಲ. ಕಳೆದುಕೊಂಡೆ, ಅಷ್ಟೇ.

ಮೊನ್ನೆ ಮೊಮ್ಮಗಳು ಬೂಟು ಹಾಕಿ ಹಜಾರದಲ್ಲಿ ನಾಲ್ಕು ಸಲ ಓಡಿದಳು. "ಅಜ್ಜಿ, ಹಿಂದೆ ಹರ್ಟ್ ಆಗ್ತಿದೆ. ನಾಳೆ ಪ್ರಾಕ್ಟೀಸ್ ಇದೆ."

ನಾನು ಎದ್ದು ಅಡುಗೆಮನೆಗೆ ಹೋದೆ. ಔಡಲೆಣ್ಣೆಯ ಶೀಸೆ ಎಲ್ಲಿದೆ ಎಂದು ಕೈಗೆ ಗೊತ್ತು. ಸ್ವಲ್ಪ ಹೊತ್ತು ಅದರ ಮುಂದೆ ನಿಂತು ಬರಿಗೈಯಲ್ಲಿ ವಾಪಸು ಬಂದೆ.

ಮರುದಿನ ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದೆ. ಅವಳ ಎರಡೂ ಹಿಮ್ಮಡಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿದೆ. ಬೂಟು ಮುಟ್ಟಲಿಲ್ಲ. ಗಡಿಯಾರ ಇಸಕೊಂಡು ಕೆಳಗೆ ಹೋಗಿ ಗೇಟಿನ ಹತ್ತಿರ ನಿಂತೆ.