ಹಾಲು ಉಕ್ಕಿಸುವ ಪಾತ್ರೆ

ಮನೆ ಬದಲಾಯಿಸಲೆಂದು ಇವತ್ತು ಪಾತ್ರೆಗಳನ್ನು ಹಳೆ ಪೇಪರಿನಲ್ಲಿ ಸುತ್ತುತ್ತಿದ್ದೆ. ಆ ವಾಸನೆಗೆ ಪೆರ್ಲದ ಬಾಡಿಗೆ ಮನೆ ನೆನಪಾಯಿತು.

ಅಂದು ಹೊಸಂಗಡಿಗೆ ಹೊರಟಿದ್ದೆವು. ಹೊಸ ಮನೆಯಲ್ಲಿ ಹತ್ತೂವರೆಯೊಳಗೆ ಹಾಲು ಉಕ್ಕಿಸಬೇಕಿತ್ತು. ಅದಕ್ಕೆಂದೇ ಕೊಂಡ ಪಾತ್ರೆಯನ್ನು ಅಮ್ಮ ನನ್ನ ಕೈಗಿತ್ತು, "ಲಾರಿಗೆ ಹಾಕುದು ಬೇಡ, ನೀನೇ ಹಿಡ್ಕೊ" ಎಂದಿದ್ದಳು. ಬೆಕ್ಕನ್ನು ಕೊನೆಯ ಸಲ ಎತ್ತಿಕೊಳ್ಳಲು ನಾನದನ್ನು ಮೆಟ್ಟಿಲ ಮೇಲಿಟ್ಟೆ. ನೆನಪಾದಾಗ ಜೀಪು ಹೊಸ ಮನೆಯೆದುರು ನಿಂತಿತ್ತು.

ಅಪ್ಪ ವಾಚು ನೋಡುತ್ತ, "ಪಾತ್ರೆ ಎಲ್ಲುಂಟು?" ಎಂದರು. ಅಮ್ಮ ನನ್ನ ಖಾಲಿ ಕೈಗಳನ್ನು ನೋಡಿದಳು.

"ಲಾರಿಯಲ್ಲಿ ಎಲ್ಲದರ ಅಡಿಯಲ್ಲಿ ಉಂಟು. ನಂದೇ ತಪ್ಪು."

ಬೈಗುಳವೆಲ್ಲ ಅವಳಿಗೇ ಬಿತ್ತು. ಪಕ್ಕದ ಮನೆಯವರು ಕೊಟ್ಟ ಪಾತ್ರೆಯಲ್ಲಿ ಹಾಲು ಉಕ್ಕಿತು. ಆ ಮಾತನ್ನು ಅಮ್ಮ ಮತ್ತೆ ಎತ್ತಲೇ ಇಲ್ಲ.

ಈಗ ಅವಳು ಹೊಸ ಪಾತ್ರೆಯನ್ನು ನನ್ನ ಮಗಳಿಗೆ ಕೊಡುತ್ತಿದ್ದಾಳೆ.

"ನೀನೇ ಹಿಡ್ಕೊ ಮಗಾ. ನಿನ್ನ ಅಮ್ಮನ ಕೈಗೆ ಕೊಡ್ಬೇಡ."