ಇಬ್ಬರೇ ಕೂಡುವ ಗಾಡಿ

ನಮ್ಮ ದನದ ಕೊಟ್ಟಿಗೆಯಲ್ಲಿ ನಿಂತಿರುವ ಕೆಂಪು ಗಾಡಿಯನ್ನು ನೀವು ಪ್ರತಿ ರಜೆಯಲ್ಲೂ ಹತ್ತಿ ಇಳಿದಿದ್ದೀರಿ. ಅದು ಹೇಗೆ ಬಂತು, ಯಾಕೆ ಉಳಿಯಿತು ಎಂದು ಕೇಳಿದಾಗಲೆಲ್ಲ ನಾನು ‘ನಿಮ್ಮ ಮುತ್ಯಾನದು’ ಎಂದಷ್ಟೇ ಹೇಳಿ ಒಳಗೆ ಹೋಗಿದ್ದೇನೆ. ಎದುರಿಗೆ ಕೂತು ಹೇಳುವುದು ನನಗೆ ಬರುವುದಿಲ್ಲ. ತವರೂರಿನ ಕನ್ನಡ ಸಾಲೆಯಲ್ಲಿ ಕಲಿತದ್ದು ಬರೆಯಲು ಸಾಕಾದೀತು ಎಂದು ಕೂತಿದ್ದೇನೆ. ನೀವು ಸೊಲ್ಲಾಪುರದಲ್ಲಿ ಮರಾಠಿ ಸಾಲೆಗೆ ಹೋಗುವವರು. ಓದಲು ತೊಡಕಾದರೆ ನಿಮ್ಮ ಅವ್ವನ ಕಡೆ ಓದಿಸಿಕೊಳ್ಳಿ.

ಆ ಗಾಡಿ ಮೊದಲು ಸೊಲ್ಲಾಪುರದ ಒಬ್ಬ ಚಾದರ ವ್ಯಾಪಾರಿಯದಾಗಿತ್ತು. ಅವರು ಅದರಲ್ಲೇ ಮುಂಬೈಗೆ, ಹೈದರಾಬಾದಿಗೆ ಹೋಗಿ ಬರುತ್ತಿದ್ದರಂತೆ. ನಿಮ್ಮ ಮುತ್ಯಾ, ಅಂದರೆ ನನ್ನ ಯಜಮಾನರು, ಅದನ್ನು ಮೊದಲು ನೋಡಿದ್ದು ಹೋಟಗಿಯಲ್ಲಿ, ರೈಲ್ವೆ ಗೇಟು ಬಿದ್ದಾಗ. ಇವರ ಟೆಂಪೋದಲ್ಲಿ ಬದನೆಕಾಯಿ ಚೀಲಗಳು, ಪಕ್ಕದಲ್ಲಿ ನೆಲಕ್ಕೆ ಹತ್ತಿಕೊಂಡಂತೆ ಈ ತಗ್ಗಿನ ಕಾರು. ರೈಲು ಹೋಗಿ ಗೇಟು ಎತ್ತಿದರೂ ಇವರು ಅದನ್ನೇ ನೋಡುತ್ತಿದ್ದರಂತೆ. ಹಿಂದಿನವರು ಹಾರ್ನು ಹೊಡೆದು ಬೈದ ಮೇಲೆ ಎಚ್ಚರ. ಕೆಲವು ವರ್ಷಗಳ ನಂತರ ಆ ವ್ಯಾಪಾರಿ ಗಾಡಿ ಮಾರುತ್ತಾರೆಂದು ಸುದ್ದಿ ಬಂದಾಗ, ಒಂದು ಒಳ್ಳೆಯ ದ್ರಾಕ್ಷಿ ಬೆಳೆಯ ದುಡ್ಡು ತಗೊಂಡು ಹೋದವರು ಸಂಜೆ ಅದನ್ನೇ ಹೊಡೆದುಕೊಂಡು ಬಂದರು.

ಎರಡು ಲಕ್ಷ ಕಿಲೋಮೀಟರಿಗಿಂತ ಹೆಚ್ಚು ಓಡಿದ ಗಾಡಿ. ನಡುವಿನ ದಲ್ಲಾಳಿ, ಬೇಕಾದರೆ ಮೀಟರು ಹಿಂದಕ್ಕೆ ತಿರುಗಿಸಿ ಕೊಡುತ್ತೇನೆ, ಊರಲ್ಲಿ ತೋರಿಸಲು ಚೆನ್ನಾಗಿರುತ್ತದೆ ಎಂದಿದ್ದನಂತೆ. ಇವರು ಬೇಡವೆಂದರು. ಇಷ್ಟು ಓಡಿಯೂ ಇಂಥ ದನಿ ಇದೆಯೆಂದರೆ ನೋಡಿಕೊಂಡವರು ಚೆನ್ನಾಗಿ ನೋಡಿಕೊಂಡಿದ್ದಾರೆ, ಆ ಲೆಕ್ಕವೇ ಇದರ ಗುಣ, ಅದನ್ನೇ ಅಳಿಸಿದರೆ ನಾನು ಏನನ್ನು ಕೊಂಡಂತಾಯಿತು ಎಂದು ನನ್ನ ಮುಂದೆ ಹೇಳಿದರು.

ಮನೆಯಲ್ಲಿ ಮೊದಲ ಮಾತು ಬಂದದ್ದು ಬಾಗಿಲುಗಳ ಬಗ್ಗೆ. ಎರಡೇ ಬಾಗಿಲು, ಎರಡೇ ಸೀಟು. ನಿಮ್ಮ ದೊಡ್ಡ ಮುತ್ಯಾ, ಅಂದರೆ ಮುತ್ಯಾನ ಅಣ್ಣ, ನನಗೆ ಭಾವ, ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಎತ್ತು ಕೊಳ್ಳುವಾಗ ಹಲ್ಲು ನೋಡುವ ಹಾಗೆ ಬಗ್ಗಿ ಮೀಟರು ನೋಡಿದರು.

“ಬಾಯಿಗೂಡಿದ ಎತ್ತು ತಂದೀಯಲ್ಲೋ ತಮ್ಮಾ,” ಎಂದರು, ವಯಸ್ಸಾದದ್ದು ಎಂಬ ಅರ್ಥದಲ್ಲಿ. “ಮನ್ಯಾಗ ಹನ್ನೆರಡು ಮಂದಿ ಅದೀವಿ. ಉಳಿದವ್ರು ಏನು ಟಪ್ಪಿನ ಮ್ಯಾಲ ಕೂಡಬೇಕೇನು?”

ಎಲ್ಲರೂ ನಕ್ಕರು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ನಕ್ಕೆ.

ನಿಮಗೆ ಒಂದು ಮಾತು ತಿಳಿದಿರಬೇಕು. ತುಂಬಿದ ಮನೆಯಲ್ಲಿ ಗಂಡ ಹೆಂಡತಿ ಎದುರಾಬದುರು ಕೂತು ಮಾತಾಡುವ ರೂಢಿ ಆಗ ಇರಲಿಲ್ಲ. ಜೀಪಿನಲ್ಲಿ ಎಲ್ಲಿಗೆ ಹೋದರೂ ಗಂಡಸರು ಮುಂದೆ, ನಾವು ಹೆಂಗಸರು ಮಕ್ಕಳು ಹಿಂದೆ. ಈ ಗಾಡಿ ಬಂದ ಮೇಲೆ ಅಕ್ಕಲಕೋಟೆಗೆ ದರ್ಶನಕ್ಕೆ ಹೋಗುವುದಿದ್ದರೆ ನಾನು ಮುಂದೆಯೇ ಕೂಡಬೇಕು, ಹಿಂದೆ ಜಾಗವೇ ಇಲ್ಲ. ಸೀರೆ ಸುತ್ತಿಕೊಂಡು ಆ ತಗ್ಗಿನ ಸೀಟಿನಲ್ಲಿ ಇಳಿದು ಕೂಡುವುದೇ ಒಂದು ಕಸರತ್ತು. ಮೊದಲ ಸಲ ತಲೆಯ ಮೇಲಿನ ಸೆರಗು ಬಾಗಿಲಿಗೆ ಸಿಕ್ಕಿತು. ಊರು ದಾಟುವವರೆಗೆ ಇಬ್ಬರೂ ಮಾತಾಡಲಿಲ್ಲ. ಊರು ದಾಟಿದ ಮೇಲೆ ಅವರು, ನಿನಗೆ ಯಾವ ಪಲ್ಯ ಸೇರುತ್ತದೆ ಎಂದು ಕೇಳಿದರು. ಆಗಲೇ ನಿಮ್ಮ ಅವ್ವನಿಗೆ ಗಂಡು ನೋಡುತ್ತಿದ್ದೆವು. ಅಷ್ಟು ವರ್ಷ ನಾನು ಮಾಡಿದ್ದನ್ನು ಅವರು ಉಂಡಿದ್ದರು, ನನಗೇನು ಸೇರುತ್ತದೆಂದು ಕೇಳಲು ಜಾಗ ಸಿಕ್ಕಿರಲಿಲ್ಲ. ಹತ್ತರಕಿ ಪಲ್ಯ ಎಂದೆ. ಅಲ್ಲಿಂದ ನಮ್ಮ ಮಾತು ಶುರುವಾಯಿತು.

ಆ ಗಾಡಿಯಲ್ಲಿ ನಾವು ಏನೇನು ಮಾತಾಡಿದೆವು ಎಂದು ಬರೆಯುವುದಿಲ್ಲ. ದೊಡ್ಡ ಮಾತೇನೂ ಇಲ್ಲ. ರಸ್ತೆಯಲ್ಲಿ ಉಬ್ಬು ಬಂದಲ್ಲೆಲ್ಲ ಅವರು ಗಾಡಿಯನ್ನು ಓರೆ ಮಾಡಿ, ಒಂದೊಂದೇ ಗಾಲಿ ದಾಟಿಸುತ್ತಿದ್ದರು; ಇಲ್ಲವಾದರೆ ಅದರ ಹೊಟ್ಟೆ ತಾಗುತ್ತಿತ್ತು. ಹಾಗೆ ದಾಟಿಸುವಾಗ ಇಬ್ಬರೂ ಉಸಿರು ಹಿಡಿಯುತ್ತಿದ್ದೆವು. ದಾಟಿತೆಂದರೆ ನಗು. ನನಗೆ ನೆನಪಿರುವುದು ಇಂಥವೇ.

ಆಮೇಲೆ ಒಂದು ಬೇಸಿಗೆಯಲ್ಲಿ ಅವರಿಗೆ ಎದೆ ನೋವು ಬಂತು. ಸೊಲ್ಲಾಪುರದ ದವಾಖಾನೆಗೆ ಜೀಪಿನಲ್ಲಿ ಮಲಗಿಸಿಕೊಂಡು ಹೋದರು. ತಿರುಗಿ ಬರಲಿಲ್ಲ.

ಗಾಡಿ ಕೊಟ್ಟಿಗೆಯಲ್ಲಿ ನಿಂತಿತು. ಅದರ ಚಾವಿ ಒಂದೇ ಇತ್ತು. ಇನ್ನೊಂದನ್ನು ಆ ವ್ಯಾಪಾರಿಯೇ ಕಳೆದಿದ್ದರು. ಅದನ್ನು ನಾನು ನನ್ನ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡೆ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಹೋಗಿ ನನ್ನ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಬ್ಯಾಟರಿ ಸತ್ತಿತು, ಗಾಲಿಗಳು ಕುಗ್ಗಿದವು, ಗಾಜಿನ ಮೇಲೆ ಹೊಟ್ಟಿನ ಧೂಳು ಕೂತಿತು. ಹೀಗೆ ನಿಂತರೆ ಗುಜರಿಗೇ ಹೋಗುತ್ತದೆ, ಬೆಲೆ ಇರುವಾಗಲೇ ಮಾರಿಬಿಡುವುದು ಒಳ್ಳೆಯದು ಎಂದು ಭಾವ ನಿರ್ಧಾರ ಮಾಡಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ನನಗೆ ಬೇಡವಾಗಿತ್ತು. ಆದರೆ ಬೇಡ ಎನ್ನುವುದು ಹೇಗೆ? ಮದುವೆಯಾಗಿ ಬಂದಾಗಿನಿಂದ ನಾನು ಭಾವನ ಎದುರು ಬಾಯಿ ತೆರೆದವಳಲ್ಲ. ಅವರು ನನಗೆ ಹೇಳಬೇಕಾದದ್ದನ್ನು ತಮ್ಮ ಹೆಂಡತಿಗೆ ಹೇಳುತ್ತಿದ್ದರು. ನಾನು ಅಕ್ಕ ಎಂದು ಕರೆಯುವ ನಿಮ್ಮ ದೊಡ್ಡ ಆಯಿ ಅದನ್ನು ನನಗೆ ಮುಟ್ಟಿಸುತ್ತಿದ್ದರು.

ಪುಣೆಯಿಂದ ಗಿರಾಕಿ ಬಂದ. ಗಡ್ಡ ಬಿಟ್ಟ ತರುಣ. ಹಳೆಯ ಗಾಡಿಗಳ ಮೇಲೆ ಪ್ರೀತಿ ಇದ್ದವನೇ. ಟಾರ್ಚು ಹಿಡಿದು ನೆಲಕ್ಕೆ ಮಲಗಿ ಅಡಿಯನ್ನೆಲ್ಲ ನೋಡಿದ, ಬಗ್ಗಿ ಇಂಜಿನ್ನು ಮುಟ್ಟಿ ನೋಡಿದ. ಮೀಟರು ನೋಡಿ ತುಟಿ ಸೊಟ್ಟ ಮಾಡಿದ. ಭಾವ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚಹಾ ಕುಡಿಸಿದರು. ಆಮೇಲೆ ದನದ ಸಂತೆಯಲ್ಲಿ ಮಾಡುವಂತೆ ಹೆಗಲ ಟವೆಲನ್ನು ಬಲಗೈ ಮೇಲೆ ಹಾಕಿಕೊಂಡು ಕೈ ಮುಂದೆ ಚಾಚಿದರು. ಟವೆಲಿನ ಒಳಗೆ ಬೆರಳು ಹಿಡಿದು ಬೆಲೆ ಕೂಗದೆ ಕುದುರಿಸುವುದು ನಮ್ಮ ಕಡೆಯ ಪದ್ಧತಿ. ಆ ತರುಣನಿಗೆ ಅದೇನು ಗೊತ್ತು? ವ್ಯವಹಾರ ಮುಗಿಯಿತೆಂದು ತಿಳಿದು, ಟವೆಲು ಸಮೇತ ಕೈ ಹಿಡಿದು ಜೋರಾಗಿ ಕುಲುಕಿದ.

“ಅಲಾ ಇವನ,” ಎಂದರು ಭಾವ. “ಯಾವ ಬೆರಳೂ ಹಿಡೀಲಿಲ್ಲ, ಐದೂ ಹಿಡದಾ!”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು, ಅವನೂ ನಕ್ಕ. ಕೊನೆಗೆ ಬಾಯಿಮಾತಿನಲ್ಲೇ ಮರಾಠಿಯಲ್ಲಿ ಬೆಲೆ ಕುದುರಿತು. ಭಾವ ಎದ್ದು ಒಳಗಿನ ಕಡೆ ಮುಖ ಮಾಡಿ ಅಕ್ಕನಿಗೆ ಹೇಳಿದರು, ಚಾವಿ ತಂದುಕೊಡಲು ಹೇಳು ಎಂದು. ಅಕ್ಕ ನನ್ನ ಬಳಿ ಬಂದು ಕೈ ನೀಡಿದರು.

ನಾನು ಸಂಚಿ ಬಿಚ್ಚಿದೆ, ಚಾವಿ ತೆಗೆದೆ. ಅಡುಗೆಮನೆಯ ಬಾಗಿಲಿನಿಂದ ಎದುರಿಗೆ ಕೊಟ್ಟಿಗೆಯ ಗೋಡೆ ಕಾಣುತ್ತದೆ. ಆ ಗೋಡೆಯ ಗೂಟಗಳಿಗೆ ಭಾವ ಇಷ್ಟು ವರ್ಷಗಳಲ್ಲಿ ಮಾರಿದ ಎತ್ತುಗಳ ಹಗ್ಗಗಳು ತೂಗುತ್ತಿದ್ದವು. ದನ ಮಾರುವಾಗ ಹಗ್ಗ ಕೊಡುವುದಿಲ್ಲ. ಹಗ್ಗದ ಜೊತೆ ಲಕ್ಷ್ಮಿ ಹೋಗುತ್ತಾಳೆಂದು ನಂಬಿಕೆ. ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು. ಈ ವಿಷಯದಲ್ಲಿ ಭಾವನಷ್ಟು ಕಟ್ಟುನಿಟ್ಟಾದವರು ಊರಲ್ಲಿ ಇನ್ನೊಬ್ಬರಿಲ್ಲ. ಹಗ್ಗ ತರದೆ ಬಂದ ಗಿರಾಕಿಯನ್ನು ವಾಪಸು ಕಳಿಸಿದವರು ಅವರು.

ಬಾಗಿಲಿಗೆ ಬಂದು ನಿಂತೆ. ಸೆರಗು ಸರಿ ಮಾಡಿಕೊಂಡೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

“ಗಾಡಿ ಒಯ್ಯಲ್ರಿ ಭಾವಾರ. ಚಾವಿ ಕೊಡಂಗಿಲ್ರಿ. ಹಗ್ಗ ಕೊಟ್ಟ ರೂಢಿ ನಮ್ಮ ಮನ್ಯಾಗ ಇಲ್ರಿ.”

ಕಟ್ಟೆಯ ಮೇಲಿದ್ದವರೆಲ್ಲ ಬಾಗಿಲ ಕಡೆ ತಿರುಗಿದರು. ಅವರು ಏನು ಹೇಳಿದರು ಎಂದು ತರುಣ ಮರಾಠಿಯಲ್ಲಿ ಕೇಳಿದ. ಯಾರೋ ಹೇಳಿದರು. ಅದರ ಚಾವಿ ಎಲ್ಲೆಂದರಲ್ಲಿ ಮಾಡಿಸುವಂಥದ್ದಲ್ಲ, ಚಾವಿ ಇಲ್ಲದೆ ಗಾಡಿ ಚಾಲೂ ಆಗುವುದಿಲ್ಲ ಎಂದು ಅವನು ವಿವರಿಸತೊಡಗಿದ. ಭಾವ ಅವನ ಮಾತು ಕೇಳುತ್ತಿರಲಿಲ್ಲ. ಮೊದಲು ಗೋಡೆಯ ಹಗ್ಗಗಳನ್ನು ನೋಡಿದರು, ಆಮೇಲೆ ನನ್ನನ್ನು. ಸಿಟ್ಟು ಬಂದಿದೆಯೋ ನಗು ಬಂದಿದೆಯೋ ಮೀಸೆಯೊಳಗೆ ಗೊತ್ತಾಗಲಿಲ್ಲ. ಅಕ್ಕನ ಕಡೆ ತಿರುಗದೆ ನೇರವಾಗಿ ನನಗೇ ಕೇಳಿದರು.

“ತಂಗಿ, ಕೊಡೂದು ಬ್ಯಾಡೇನು ನಿನಗ?”

ನಾನು ತಲೆ ಅಲ್ಲಾಡಿಸಿದೆ.

“ಬ್ಯಾಡಂದ್ರ ಬ್ಯಾಡ. ಆದ್ರ ದುಡೀಲಾರದ್ದನ್ನ ಕಟ್ಟಿ ಮೇವು ಹಾಕಾಂವ ನಾ ಅಲ್ಲ. ಅದನ್ನ ಹೊಡಿಯೋರು ಯಾರು?”

“ನಾ ಹೊಡೀತೀನ್ರಿ.”

ಯಾಕೆ ಹಾಗೆಂದೆನೋ ಇಂದಿಗೂ ತಿಳಿದಿಲ್ಲ. ಸೈಕಲ್ಲನ್ನೂ ನಾನು ಹೊಡೆದವಳಲ್ಲ. ಭಾವ ಒಂದು ಕರಾರು ಹಾಕಿದರು. ಬನ್ನಿ ಹಬ್ಬದ ದಿನ ಗಾಡಿ ನನ್ನ ಕೈಯಿಂದಲೇ ಕೊಟ್ಟಿಗೆಯ ಹೊರಗೆ ಬರಬೇಕು. ಬರದಿದ್ದರೆ ಪುಣೆಯವನನ್ನು ಕರೆಸುವುದು, ಆಗ ಚಾವಿಯನ್ನೂ ಕೊಡುವುದು. ತರುಣ ನಗುತ್ತ ತನ್ನ ನಂಬರು ಬರೆದುಕೊಟ್ಟು ಹೋದ.

ನಿಮ್ಮ ಅವ್ವನಿಗೆ ಫೋನು ಮಾಡಿದೆ. ಅವಳು ಮೊದಲು ನಂಬಲಿಲ್ಲ. ಮರುದಿನವೇ ಸೊಲ್ಲಾಪುರದಿಂದ ಒಬ್ಬ ಮೇಸ್ತ್ರಿಯನ್ನು ಕಳಿಸಿದಳು. ಅವನು ಹೊಸ ಬ್ಯಾಟರಿ ಹಾಕಿದ, ಗಾಲಿಗಳಿಗೆ ಗಾಳಿ ತುಂಬಿದ, ಆಯಿಲು ಬದಲಿಸಿದ, ಇಲಿ ಕಡಿದ ವೈರು ಕಟ್ಟಿದ. ಗಾಡಿ ಚಾಲೂ ಆದಾಗ ಕೊಟ್ಟಿಗೆಯ ಎಮ್ಮೆ ಹಗ್ಗ ಹರಿದುಕೊಂಡು ಅಂಗಳಕ್ಕೆ ಓಡಿತು. ಆ ದನಿ ಕೇಳಿಯೂ ಎಮ್ಮೆ ಹಿಡಿಯುವ ಗಡಿಬಿಡಿಯಲ್ಲಿ ನನಗೆ ಅಳಲು ಆಗಲಿಲ್ಲ.

ಕಲಿಯಲು ನಾನು ಬಸ್ಸು ಹತ್ತಿ ಅಕ್ಕಲಕೋಟೆಯ ಡ್ರೈವಿಂಗ್ ಕ್ಲಾಸಿಗೆ ಹೋದೆ. ಅಲ್ಲಿ ಸಣ್ಣ ಗಾಡಿ, ಕಲಿಸುವವನು ಮರಾಠಿಯವನು. ಉಳಿದವರೆಲ್ಲ ಮೊಮ್ಮಕ್ಕಳ ವಯಸ್ಸಿನವರು. ಹತ್ತುವ ಮೊದಲು ನಾನು ಗಾಡಿಗೆ ಕೈ ಮುಗಿದು ಚಪ್ಪಲಿ ಕಳಚಿ ಕೆಳಗೆ ಬಿಟ್ಟೆ. ನಿಮ್ಮ ಮುತ್ಯಾನ ಗಾಡಿಗೆ ಹತ್ತುವಾಗಲೂ ಹಾಗೇ ಮಾಡುತ್ತಿದ್ದೆ, ಅವರು ನೆನಪಿಟ್ಟು ಚಪ್ಪಲಿ ಎತ್ತಿ ಸೀಟಿನ ಹಿಂದೆ ಇಡುತ್ತಿದ್ದರು. ಇಲ್ಲಿ ಎತ್ತುವವರು ಯಾರು? ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ನಾಯಿ ಒಂದು ಚಪ್ಪಲಿ ಕಚ್ಚಿಕೊಂಡು ಹೋಗಿತ್ತು.

“ಆಜೀ, ಕ್ಲಚ್ ಹಳೂ ಸೋಡಾ,” ಮೆಲ್ಲಗೆ ಬಿಡಿ ಎಂದು ಅವನು ದಿನವೆಲ್ಲ ಹೇಳುತ್ತಿದ್ದ. ನಾನು ಬಿಟ್ಟಾಗಲೆಲ್ಲ ಗಾಡಿ ಕರುವಿನಂತೆ ಜಿಗಿದು ನಿಲ್ಲುತ್ತಿತ್ತು. ಒಂದು ದಿನ ಬೀಸುವ ಕಲ್ಲು ನೆನಪಾಯಿತು. ಮೊದಲು ಕಲ್ಲಿಗೆ ಭಾರ ಕೊಡಬಾರದು, ಅದು ತಿರುಗಲು ಒಪ್ಪಿದ್ದು ಕೈಗೆ ತಿಳಿಯುತ್ತದೆ, ಆಮೇಲೆ ಭಾರ. ಕಾಲಿಗೂ ಹಾಗೇ ತಿಳಿಯಿತು. ಗಾಡಿ ಹೊರಟಿತು. ಕಲಿಸುವವನು ನನ್ನ ಕಾಲು ನೋಡುವುದು ಬಿಟ್ಟು ಕಿಟಕಿಯ ಹೊರಗೆ ನೋಡುತ್ತ ಕೂತ. ಅದೇ ನನಗೆ ಸಿಕ್ಕ ಶಹಬ್ಬಾಸು.

ಬನ್ನಿ ಹಬ್ಬದ ದಿನ ಕೊಟ್ಟಿಗೆಯ ಮುಂದೆ ಅರ್ಧ ಊರು ಸೇರಿತ್ತು. ಭಾವ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಮುಂದೆ ಕಾಯಿ ಒಡೆದು, ದೂರ ಸರಿದು ಕೈ ಕಟ್ಟಿ ನಿಂತರು. ನಾನು ಕೂತು ಚಾವಿ ತಿರುಗಿಸಿದೆ. ಮೊದಲ ಸಲ ಇಂಜಿನ್ನು ಬಂದ್ ಆಯಿತು. ಹಿಂದಿನಿಂದ ಯಾರೋ, ತಳ್ಳಬೇಕೇನ್ರಿ ಎಂದರು. ಎರಡನೆಯ ಸಲವೂ ಬಂದ್ ಆಯಿತು. ಈ ಗಾಡಿಯ ಕ್ಲಚ್ಚು ಆ ಸಣ್ಣ ಗಾಡಿಯದಕ್ಕಿಂತ ಬಹಳ ಬಿಗಿ. ನನಗೆ ಪುಣೆಯವನ ನಂಬರು ಕಣ್ಣ ಮುಂದೆ ಬಂತು. ಕಾಲಿನ ಕೆಳಗೆ ಅದು ಒಪ್ಪುವವರೆಗೆ ಕಾದೆ. ನಿಂಬೆಹಣ್ಣು ಪಟ್ಟೆಂದು ಒಡೆದದ್ದು ಕೇಳಿಸಿತು. ಗಾಡಿ ಹೊರಗೆ ಬಂತು, ಅಂಗಳ ದಾಟಿತು. ನಿಲ್ಲಿಸುವ ಹೊತ್ತಿಗೆ ರಸ್ತೆಯಲ್ಲಿದ್ದೆ.

ಭಾವ ನಡೆದು ಬಂದು ಕಿಟಕಿಯಲ್ಲಿ ಬನ್ನಿ ಎಲೆ ಕೊಟ್ಟರು. ಬಂಗಾರದ ಹಾಗೆ ಇರೋಣ ಎಂದು ಎಲ್ಲರಿಗೂ ಹೇಳುವುದನ್ನೇ ನನಗೂ ಹೇಳಿದರು. ಆಮೇಲೆ ಹಿಂದೆ ತಿರುಗಿ, “ಏ ಇಕಿ, ಬಾ ಇಲ್ಲೆ. ದರ್ಶನಕ್ಕ ಒಬ್ಬಾಕೀನ ಹ್ಯಾಂಗ ಹೋಗ್ತಾಳ? ಕೂಡು ಹೋಗು,” ಎಂದು ಅಕ್ಕನನ್ನು ಕರೆದರು.

ಅಕ್ಕ ಈ ಗಾಡಿಯಲ್ಲಿ ಕೂತವರೇ ಅಲ್ಲ. ನಾಚಿಕೊಂಡು, ಸೀರೆ ಮಡಚಿಕೊಂಡು, ಇಷ್ಟು ತಗ್ಗಿನಲ್ಲಿ ಮನುಷ್ಯರು ಕೂಡುತ್ತಾರೇನು ಎನ್ನುತ್ತ ಇಳಿದು ಕೂತರು. ಅಕ್ಕಲಕೋಟೆಯವರೆಗೆ ಒಂದು ಕೈಯಲ್ಲಿ ಬಾಗಿಲು, ಇನ್ನೊಂದರಲ್ಲಿ ನನ್ನ ಸೆರಗು ಹಿಡಿದಿದ್ದರು. ಗುಡಿಯ ಹತ್ತಿರ ಇಳಿದಾಗಲೇ ಗೊತ್ತಾಯಿತು, ನನ್ನನ್ನು ನೋಡಿ ಅವರೂ ಚಪ್ಪಲಿ ಕಳಚಿ ಊರಲ್ಲೇ ಬಿಟ್ಟಿದ್ದರು. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಇಬ್ಬರು ಮುದುಕಿಯರು ಕುಣಿಯುತ್ತ ನೆರಳಿಗೆ ಓಡಿದೆವು.

ದರ್ಶನ ಮಾಡಿ ಬಂದು ಕೂತ ಮೇಲೆ ಅಕ್ಕ ನನ್ನ ಸೆರಗು ಬಿಟ್ಟರು. ಅವರಿಗೆ ಯಾವ ಪಲ್ಯ ಸೇರುತ್ತದೆ ಎಂದು ಕೇಳಿದೆ. ಒಂದೇ ಒಲೆಯ ಮುಂದೆ ಅಷ್ಟು ವರ್ಷ ಕೂತವಳು ನಾನು, ಆದರೂ ಕೇಳಿರಲಿಲ್ಲ. ಅವರು ಅದನ್ನು ಹೇಳಲಿಲ್ಲ. ತಾವು ಹುಡುಗಿಯಾಗಿದ್ದಾಗ ಹಾಡುತ್ತಿದ್ದುದನ್ನು, ಮದುವೆಯಾದ ಮೇಲೆ ಬಿಟ್ಟದ್ದನ್ನು ಹೇಳತೊಡಗಿದರು. ಊರಿನ ತಿರುವು ಬಂತು. ನಾನು ಗಾಡಿಯ ವೇಗ ಇಳಿಸಿದೆ.

“ಇಷ್ಟ ಲಗೂ ಮನಿಗಿ ಹೋಗಿ ಏನು ಮಾಡೂದೈತಿ?” ಎಂದರು ಅಕ್ಕ. “ಮೈಂದರ್ಗಿ ಕಡಿ ಹೊಡಿ.”

ಮೈಂದರ್ಗಿ ನಮ್ಮೂರಿನ ದಾರಿಯಲ್ಲ, ಬೇರೆ ದಿಕ್ಕು. ನಾನು ಕನ್ನಡಿ ನೋಡಿ, ಕಲಿಸಿದ ಹಾಗೆ ಕೈ ತೋರಿಸಿ, ಗಾಡಿ ತಿರುಗಿಸಿದೆ.