ಕೊಟ್ರಬಸಪ್ಪ ತಾನೇ ಬರೆದ ಕಾಗದ ಓದಿದ್ದು

ಬಳ್ಳಾರಿಯ ಬ್ರೂಸ್‌ಪೇಟೆಯ ಯಂತ್ರದಂಗಡಿಯಲ್ಲಿ ಕೊಟ್ರಬಸಪ್ಪನ ಮುಖ್ಯ ಕೆಲಸವೆಂದರೆ ಬಾರದ ಸರಕಿನ ಬಗ್ಗೆ ಕಾಗದ ಬರೆಯುವುದು. ಸಿರುಗುಪ್ಪದವನು. ಕನ್ನಡ, ತೆಲುಗು ಎರಡನ್ನೂ ದುಂಡಗೆ ಬರೆಯುತ್ತಿದ್ದ. ಯುದ್ಧದ ಕಾಲದಲ್ಲಿ ರೇಷನ್ ಕಚೇರಿಯಲ್ಲಿದ್ದು ಜನರ ಬೈಗುಳ ಕೇಳಿ ಕೇಳಿ ಪಳಗಿದ್ದಾನೆ ಎಂದೇ ಅಂಗಡಿಯ ಧಣಿ ಅಂಜಿನಪ್ಪ 1949ರಲ್ಲಿ ಅವನನ್ನು ಗುಮಾಸ್ತನಾಗಿ ಇಟ್ಟುಕೊಂಡಿದ್ದ. ಧಣಿಯ ಲೆಕ್ಕ ತಪ್ಪಿತ್ತು. ಕೊಟ್ರಬಸಪ್ಪ ಪಳಗಿರಲಿಲ್ಲ. ಯಾರಾದರೂ ದನಿ ಎತ್ತಿದರೆ ಆ ದಿನವೆಲ್ಲ ಅವನಿಗೆ ಊಟ ಇಳಿಯುತ್ತಿರಲಿಲ್ಲ.

ಟ್ರ್ಯಾಕ್ಟರಿನ ಹಿಂದೆ ಕಟ್ಟುವ ಮೂರು ತಟ್ಟೆಯ ಕಬ್ಬಿಣದ ನೇಗಿಲು ಆಗ ಹಡಗಿನಲ್ಲಿ ಮದ್ರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಬಳ್ಳಾರಿಗೆ ಬರಬೇಕಿತ್ತು. ಹಡಗು ಇನ್ನೂ ಬಂದಿಲ್ಲ ಎಂದು ಒಂದು ಕಾಗದ. ಬಂದಿದೆ, ಸರಕು ಇಳಿದಿಲ್ಲ ಎಂದು ಇನ್ನೊಂದು. ಇಳಿದಿದೆ, ಸುಂಕದ ಕಚೇರಿಯಿಂದ ಬಿಟ್ಟಿಲ್ಲ ಎಂದು ಮತ್ತೊಂದು. ಗಿರಾಕಿಗಳು ಸಿಟ್ಟಾಗುತ್ತಿದ್ದರು. ಆದರೂ ಬರೆದದ್ದೆಲ್ಲ ನಿಜ ಎಂಬ ಒಂದು ಸಮಾಧಾನ ಅವನಿಗಿತ್ತು.

1953ರ ಹೊತ್ತಿಗೆ ನೇಗಿಲಿಗೆ ಎಲ್ಲಿಲ್ಲದ ಅವಸರ. ತುಂಗಭದ್ರೆಯ ಕಾಲುವೆಗೆ ಆ ಮಳೆಗಾಲದಲ್ಲೇ ನೀರು ಬಿಡುತ್ತಾರೆಂಬ ಸುದ್ದಿ. ಅಷ್ಟರೊಳಗೆ ಎರೆಹೊಲದ ಕರಿಕೆ ಹುಲ್ಲು ಕಿತ್ತು ನೆಲ ಸಮ ಮಾಡಿಕೊಳ್ಳಬೇಕು. ಅಂಗಡಿಯ ಪಾಳಿ ಪುಸ್ತಕದಲ್ಲಿ ಮೊದಲ ಹೆಸರು ಕರೂರಿನ ಗಾದೆಮ್ಮನದು. ಎರಡನೆಯದು, ಅವಳಿಗಿಂತ ನಾಲ್ಕು ತಿಂಗಳು ತಡವಾಗಿ ಬರೆಸಿದ ಕುರುಗೋಡಿನ ಜಡೆಪ್ಪನದು. ಫೆಬ್ರವರಿಯಲ್ಲಿ ಬಂದದ್ದು ಒಂದೇ ನೇಗಿಲು.

"ಇದು ಕುರುಗೋಡಿಗೆ ಹೋಗ್ಲಿ," ಎಂದ ಅಂಜಿನಪ್ಪ. "ಜಡೆಪ್ಪ ಮುನಿಸ್ಕೊಂಡ್ರ ಆ ಕಡಿ ಗಿರಾಕಿ ಎಲ್ಲಾ ಹೋದಂಗ. ಕರೂರಿನ ಯಮ್ಮಗ ಒಂದು ಕಾಗದ ಹಾಕು."

ಕೊಟ್ರಬಸಪ್ಪ ನಾಲ್ಕು ಸಲ ಬರೆದು ಹರಿದ. ಐದನೆಯ ಸಲ, 'ಸರಕು ಇನ್ನೂ ಬಂದಿರುವುದಿಲ್ಲ' ಎಂದು ಬರೆದು, ತಿರುಗಿ ಓದದೆ ಅಂಚೆಗೆ ಹಾಕಿದ.

ನಾಲ್ಕನೆಯ ದಿನ ಬೆಳಿಗ್ಗೆ ಧಣಿ ಇನ್ನೂ ಬಂದಿರಲಿಲ್ಲ. ಐವತ್ತು ದಾಟಿದ ಹೆಂಗಸೊಬ್ಬಳು ಸೆರಗಿನ ಗಂಟು ಬಿಚ್ಚಿ ಕಾಗದ ತೆಗೆದು ಅವನ ಮುಂದೆ ಹಿಡಿದಳು. ತನ್ನ ಅಕ್ಷರ ಅವನಿಗೆ ದೂರದಿಂದಲೇ ಗೊತ್ತಾಯಿತು.

"ಕರೂರಿನ ಗಾದೆಮ್ಮ ಅದೀನಿ, ತಮ್ಮಾ. ಇದನ್ನ ಒಂಚೂರು ಓದು. ನಮ್ಮೂರ ಮಾಸ್ತರು ರಜಾದ ಮ್ಯಾಲೆ ಹೋಗ್ಯಾರ. ಅಂಗಡಿ ಕಾಗದ ಅಂಗಡ್ಯಾಗs ಓದಿಸಿದ್ರಾತು ಅಂತ ಬಂದೆ."

ನೇಗಿಲು ಅವನ ಬೆನ್ನ ಹಿಂದೆಯೇ, ಹಲಗೆಯ ಪೆಟ್ಟಿಗೆಯಲ್ಲಿ ಹುಲ್ಲು ಹೊದ್ದು ಕೂತಿತ್ತು. ಅವನು ಓದತೊಡಗಿದ. ಹೆಸರು, ಊರು, ವಂದನೆಗಳು. ಮುಂದಿನ ಸಾಲಿಗೆ ಬಂದಾಗ ದನಿ ನಿಂತುಹೋಯಿತು.

"ಯಾಕ ನಿಂತಿ? ಅಕ್ಷರ ತಿಳಿವಲ್ದೇನು?"

"ಅಕ್ಷರ ನಂದೇ ಐತ್ರಿ ಅಮ್ಮಾ," ಎಂದ ಕೊಟ್ರಬಸಪ್ಪ. "ಇಲ್ಲಿ ಬರ್ದಿದ್ದು ಸುಳ್ಳು. ನೇಗಿಲು ಬಂದೈತಿ. ಕುರುಗೋಡಿಗೆ ಹೊಂಟೈತಿ. ಪಾಳಿ ನಿಮ್ದು."

ಗಾದೆಮ್ಮ ಪೆಟ್ಟಿಗೆಯ ಕಡೆ ನೋಡಿದಳು, ಅವನ ಕಡೆ ನೋಡಿದಳು. ಕೂಗಾಡಲಿಲ್ಲ.

"ನಾಕು ಮನಿಯೋರು ಎತ್ತು ಮಾರಿ ಯುದ್ಧದಾಗ ಮಿಲಿಟ್ರಿಯೋರು ಬಳಸಿದ ಹಳೇ ಟ್ರ್ಯಾಕ್ಟರ್ ತಂದೀವಿ. ಹಿಂದ ಕಟ್ಟಾಕ ನೇಗಿಲಿಲ್ಲ. ಅದರ ಸೀಟಿನ ಮ್ಯಾಲೆ ಈಗ ಕೋಳಿ ಮೊಟ್ಟಿ ಇಡ್ತಾವ. ತಂದಾಕಿ ನೀನು, ನೀನs ಹೂಡು ಅಂತ ಮೈದುನರು ಅಂತಾರ. ಧಣಿ ಬರ್ಲಿ," ಎಂದು ಪೆಟ್ಟಿಗೆಯ ಮೇಲೆಯೇ ಕುಳಿತಳು.

ಅಂಜಿನಪ್ಪ ಬಂದ. ಸಂಗತಿ ತಿಳಿದು ಗುಮಾಸ್ತನನ್ನು ಒಳಗೆ ಕರೆದ.

"ನೀನs ಹೇಳಿದೇನು?"

"ಹೌದ್ರಿ ಧಣಿ."

"ಮನಿಗಿ ಹೋಗು. ಜಡೆಪ್ಪ ಬಂದು ಹೋಗ್ಲಿ, ಆಮ್ಯಾಲೆ ನಿನ್ನ ಇಚಾರ ನೋಡ್ತೀನಿ."

ಅವನು ಮನೆಗೆ ಹೋಗಲಿಲ್ಲ. ಹೋದರೆ ಹೆಂಡತಿ ವಿರೂಪಮ್ಮನಿಗೆ ಏನು ಹೇಳುವುದು? ಅವಳಿಗೆ ಆಗ ಏಳು ತಿಂಗಳು. ಎದುರಿನ ಬಟ್ಟೆಯಂಗಡಿಯ ತಗಡಿನ ನೆರಳಲ್ಲಿ ನಿಂತುಕೊಂಡ.

ಮಧ್ಯಾಹ್ನ ಜಡೆಪ್ಪನ ಲಾರಿ ಬಂತು. ಎತ್ತರದ, ಕಡಿಮೆ ಮಾತಿನ ಮನುಷ್ಯ. ಪೆಟ್ಟಿಗೆಯ ಮೇಲೆ ಕುಳಿತವಳನ್ನು ಕಂಡು ಯಾವೂರೆಂದು ಕೇಳಿದ. ಅವಳು ನಡೆದದ್ದನ್ನು ಹೇಳಿದಳು. ಜಡೆಪ್ಪ ಧಣಿಯ ಕಡೆ ತಿರುಗಿದ.

"ನನ್ನ ಮುಂದ ಒಬ್ರು ಅದಾರ ಅಂತ ನೀವು ಹೇಳ್ಲಿಲ್ಲ."

"ನಿಮ್ಮನ್ನ ಕಾಯಿಸಬಾರ್ದು ಅಂತ..."

"ನಾ ಕೇಳಿದ್ನೇನು? ನನ್ನ ಹೊಲದಾಗ ಹತ್ತಿ ಇನ್ನೂ ನಿಂತೈತಿ. ಇದನ್ನೊಯ್ದು ಎಲ್ಲಿ ಹೂಡ್ಲಿ?" ಜಡೆಪ್ಪ ಚಪ್ಪಲಿ ಮೆಟ್ಟಿಕೊಂಡ. "ಆ ಯಮ್ಮಗ ಕೊಡ್ರಿ. ಆದ್ರ ಬಸವ ಜಯಂತಿ ಒಳಗ ನನ್ನದು ಬರ್ಬೇಕು. ಬರ್ಲಿಲ್ಲ ಅಂದ್ರ ಈ ಅಂಗಡಿ ಮೆಟ್ಲು ಹತ್ತಂಗಿಲ್ಲ."

ಆ ದಿನವೇ ನೇಗಿಲು ಕರೂರಿಗೆ ಹೋಯಿತು. ಅಂಜಿನಪ್ಪ ಗುಮಾಸ್ತನನ್ನು ಒಳಗೆ ಕರೆದು ಹೇಳಿದ: "ಎರಡನೇದು ಬಸವ ಜಯಂತಿಗಿ ಬಂದ್ರ ನೀ ಇಲ್ಲಿರ್ತಿ. ಬರ್ಲಿಲ್ಲಂದ್ರ ಸಿರುಗುಪ್ಪದ ದಾರಿ ಹಿಡಿ."

ಮಾರ್ಚ್ ಹೋಯಿತು. ಏಪ್ರಿಲ್ ಕೊನೆಗೆ, ನೇಗಿಲನ್ನು ರೈಲಿಗೆ ಹಾಕಿದೆ ಎಂದು ಮದ್ರಾಸಿನಿಂದ ಕಾಗದ ಬಂತು. ಅಂದಿನಿಂದ ಕೊಟ್ರಬಸಪ್ಪ ದಿನಕ್ಕೆ ಎರಡು ಸಲ ಗೂಡ್ಸ್ ಶೆಡ್ಡಿಗೆ ಹೋಗಿ ಬರುತ್ತಿದ್ದ. ಅಲ್ಲಿಯವರು ಅವನನ್ನು ದೂರದಲ್ಲಿ ಕಂಡರೆ ಸಾಕು, ಇಲ್ಲವೆಂದು ಕೈ ಆಡಿಸುತ್ತಿದ್ದರು. ತಟ್ಟೆಯಲ್ಲಿ ರೊಟ್ಟಿ ಅರ್ಧಕ್ಕೇ ಉಳಿಯುತ್ತಿತ್ತು. ಎಳೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತ ವಿರೂಪಮ್ಮ, "ಹಸಕೊಂಡು ಕಾಯ್ದ್ರ ರೈಲು ಬೇಗ ಬರ್ತೈತೇನು? ತಿನ್ರಿ," ಎನ್ನುತ್ತಿದ್ದಳು.

ಬಸವ ಜಯಂತಿಗೆ ಎರಡು ದಿನ ಉಳಿದಾಗ ಅವನು ಗುಂತಕಲ್ಲಿಗೆ ರೈಲು ಹತ್ತಿದ. ಮದ್ರಾಸಿನ ದೊಡ್ಡ ಹಳಿಯ ಗಾಡಿಯಿಂದ ಬಳ್ಳಾರಿಯ ಸಣ್ಣ ಹಳಿಯ ಗಾಡಿಗೆ ಸರಕು ಬದಲಾಯಿಸುವುದು ಅಲ್ಲಿಯೇ. ನಿಂತಿದ್ದರೆ ಅಲ್ಲೇ ನಿಂತಿರಬೇಕು. ಶೆಡ್ಡಿನಲ್ಲಿ ಮೂಟೆ, ಪೀಪಾಯಿ, ಪೆಟ್ಟಿಗೆಗಳ ರಾಶಿ. ಎರ್ರೆಪ್ಪ ಎಂಬ ಹಮಾಲಿಗೆ ತೆಲುಗಿನಲ್ಲಿ ಕಷ್ಟ ಹೇಳಿಕೊಂಡ. ಎರ್ರೆಪ್ಪ ಬೀಡಿ ಆರಿಸಿ ಎದ್ದು, ಊರು ಹೆಸರು ತಿಳಿಯದೆ ಬಿದ್ದಿದ್ದ ಸರಕಿನ ಮೂಲೆ ತೋರಿಸಿದ. ಅಲ್ಲಿ, ಹಿಂಡಿ ಮೂಟೆಗಳ ಕೆಳಗೆ, ಅದೇ ಅಳತೆಯ ಹಲಗೆ ಪೆಟ್ಟಿಗೆ. ಹಡಗಿನಲ್ಲಿ ಉಪ್ಪುನೀರು ತಾಗಿ ಮಸುಕಾಗಿದ್ದ ವಿಳಾಸ ದಾರಿಯ ತಿಕ್ಕಾಟಕ್ಕೆ ಪೂರ್ತಿ ಅಳಿಸಿಹೋಗಿತ್ತು. ಮೂಲೆಯ ತಗಡಿನಲ್ಲಿ ಒತ್ತಿದ ನಂಬರು ಮಾತ್ರ ಉಳಿದಿತ್ತು. ಮದ್ರಾಸಿನ ಕಾಗದದ ಜೊತೆ ಬಂದ ಚೀಟಿಯ ನಂಬರಿಗೆ ಅದನ್ನು ಮೂರು ಸಲ ಹೋಲಿಸಿ ನೋಡಿದ. ಆಮೇಲೆ ಮೂಟೆಯ ಮೇಲೆ ಕುಳಿತುಬಿಟ್ಟ.

ಅಲ್ಲಿಯ ಬಾಬುವಿನ ಹತ್ತಿರ ಬಣ್ಣ, ಕುಂಚ ಕೇಳಿ ಪಡೆದು ಪೆಟ್ಟಿಗೆಯ ನಾಲ್ಕೂ ಮೈಗೆ ಬಳ್ಳಾರಿಯ ವಿಳಾಸ ಬರೆದ. ಆದರೆ ಸಣ್ಣ ಗಾಡಿಯಲ್ಲಿ ಜಾಗ ಸಿಗಲು ಇನ್ನೂ ಮೂರು ದಿನ ಬೇಕೆಂದರು.

ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ಬಸವ ಜಯಂತಿಯ ದಿನ ಬಸ್ಸು ಹತ್ತಿ ಕುರುಗೋಡಿಗೆ ಹೋದ. ಜಡೆಪ್ಪ ಅಂಗಳದಲ್ಲಿ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ.

"ನೇಗಿಲು ಇವತ್ತು ಬರಂಗಿಲ್ರಿ," ಎಂದ ಕೊಟ್ರಬಸಪ್ಪ. "ಗುಂತಕಲ್ಲಿನಾಗ ಐತಿ. ಕಣ್ಣಾರೆ ನೋಡಿ ಬಂದೀನಿ. ನಾಡಿದ್ದು ಬರ್ಬೇಕು."

"ಬರ್ಬೇಕೋ, ಬರ್ತೈತೋ?"

"ಬರ್ತೈತಿ ಅನ್ನಾಕ ನನ್ನ ಕೈಯಾಗಿಲ್ರಿ."

ಜಡೆಪ್ಪ ಕೈಯ ಬಣ್ಣ ಒರೆಸಿಕೊಂಡ. "ಊಟ ಮಾಡ್ಕೊಂಡು ಹೋಗು," ಎಂದನೇ ಹೊರತು ಕಾಯುತ್ತೇನೆ ಎನ್ನಲಿಲ್ಲ, ಕಾಯುವುದಿಲ್ಲ ಎಂದೂ ಅನ್ನಲಿಲ್ಲ. ಹೋಳಿಗೆ ಬಡಿಸಿದರು. ಕೊಟ್ರಬಸಪ್ಪ ಒಂದು ತುಂಡು ಮುರಿದು, ಬಸ್ಸಿನ ಹೊತ್ತಾಯಿತೆಂದು ಎದ್ದ.

ನೇಗಿಲು ಬಂದದ್ದು ಹಬ್ಬ ಕಳೆದು ನಾಲ್ಕನೆಯ ದಿನ. ಜಡೆಪ್ಪ ಲಾರಿ ಕಳಿಸಿ ತರಿಸಿಕೊಂಡ. ಅರ್ಧ ಹೊಲ ಹೂಡುವಷ್ಟರಲ್ಲಿ ಮಳೆ ಹಿಡಿಯಿತು, ಉಳಿದರ್ಧ ಆ ವರ್ಷ ಹಾಗೇ ಬಿತ್ತು. ಮುಂದಿನ ಟ್ರ್ಯಾಕ್ಟರನ್ನು ಅವನು ಹೊಸಪೇಟೆಯಲ್ಲಿ ಕೊಂಡ. ಗಾದೆಮ್ಮನ ನೆಲ ಅಂಗೈಯಂತೆ ಸಮವಾಗಿತ್ತು. ಕಾಲುವೆಗೆ ನೀರು ಬಿಟ್ಟರೂ ಅವಳ ಹೊಲದ ಕಡೆಯ ತೂಬಿನ ಕೆಲಸ ಮುಗಿದಿರಲಿಲ್ಲ. ಆ ವರ್ಷವೂ ಮಳೆ ನಂಬಿ ಜೋಳವನ್ನೇ ಬಿತ್ತಿದಳು.

ಅಂಜಿನಪ್ಪ ಗುಮಾಸ್ತನನ್ನು ಬಿಡಿಸಲಿಲ್ಲ. ಒಂದು ತಿಂಗಳು ಮುಖ ಕೊಟ್ಟು ಮಾತಾಡಲಿಲ್ಲ, ಅಷ್ಟೇ. ಆಮೇಲೊಂದು ದಿನ ಪಾಳಿ ಪುಸ್ತಕವನ್ನು ಅವನ ಮೇಜಿನ ಮೇಲೆ ಇಟ್ಟು, "ಯಾರ ಪಾಳಿ ಅಂಬೋದು ಇನ್ಮ್ಯಾಲೆ ನೀನs ನೋಡ್ಕೊ. ನನಗ ಬ್ಯಾಡ ಈ ತಲಿಬ್ಯಾನಿ," ಎಂದ. ಇದರಿಂದ ಕೊಟ್ರಬಸಪ್ಪನ ಕಳವಳ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮರುವರ್ಷ ಪುಸ್ತಕದಲ್ಲಿ ಹದಿನೇಳು ಹೆಸರು, ಬಂದ ನೇಗಿಲು ಆರು. ಉಳಿದ ಹನ್ನೊಂದು ಮಂದಿಯ ಮನೆಗೆ ಅವನು ಭಾನುವಾರಗಳಂದು ಬಸ್ಸು ಹತ್ತಿ ಹೋಗಿ, ಎದುರಿಗೆ ನಿಂತು ಹೇಳಿ ಬಂದ. ತೆಕ್ಕಲಕೋಟೆಯಲ್ಲಿ ಒಬ್ಬ ಬಾಗಿಲಿನಿಂದಲೇ ಬೈದು ಕಳಿಸಿದ. ಇನ್ನೊಂದು ಮನೆಯವರು ಮಜ್ಜಿಗೆ ಕೊಟ್ಟು, ಹಡಗು ಅಂದರೆ ಎಷ್ಟು ದೊಡ್ಡದಿರುತ್ತದೆ ಎಂದು ಕೇಳಿದರು. ತಾನೂ ನೋಡಿಲ್ಲ ಎಂದ ಕೊಟ್ರಬಸಪ್ಪ.